ಇ-ಖಾತಾ ಇದೆ ಸರಿ, ಸೈಟು ಎಲ್ಲಿದೆ?

2024ರ ಕೊನೆಯ ತಿಂಗಳುಗಳಿಂದ ನಗರ ಪ್ರದೇಶದ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಬೇಕೇ ಬೇಕು ಅಂತಾಯಿತು. 2025ರ ಆರಂಭದಲ್ಲಿ ಅನಧಿಕೃತ ಬಡಾವಣೆಗಳಿಗೂ ಬಿ-ಖಾತಾ ಕೊಡುವ ಅಭಿಯಾನ ಶುರುವಾಯಿತು. ಇನ್ನೊಂದು ಕಡೆ ಕಂದಾಯ ಇಲಾಖೆಯಿಂದ ದರಖಾಸ್ತು ಪೋಡಿ (ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅಳೆದು ಬೇರೆ ಬೇರೆ ಮಾಡುವುದು), ಡ್ರೋನ್ ಮರುಸರ್ವೆ. ಇದರ ಮೇಲೆ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಎಲ್ಲವನ್ನೂ ಪಾಲಿಕೆಗೆ ಸೇರಿಸಿ ಗ್ರೇಟರ್ ಮೈಸೂರು ಮಾಡುವ ಸುದ್ದಿ ಬೇರೆ.

ಇಷ್ಟೆಲ್ಲ ಒಟ್ಟಿಗೆ ಬಂದಾಗ ಸೈಟು ಅಥವಾ ಮನೆ ಕೊಳ್ಳಲು ಹೊರಟವರ ತಲೆ ತಿರುಗುವುದು ಸಹಜ. ದಲ್ಲಾಳಿ ಹೇಳುವ ಮಾತು ಒಂದೇ: "ಇ-ಖಾತಾ ಆಗಿದೆ ಸಾರ್, ಇನ್ನೇನು ನೋಡ್ಬೇಕು?" ನೋಡಬೇಕಾದ್ದು ಇನ್ನೂ ಇದೆ. ಆಸ್ತಿ ಯಾರದ್ದು ಅನ್ನುವುದಕ್ಕೆ ಒಂದು ಗುಂಪಿನ ದಾಖಲೆಗಳಿವೆ, ನೆಲದ ಮೇಲೆ ಅದು ಎಲ್ಲಿಂದ ಎಲ್ಲಿಗೆ ಅನ್ನುವುದಕ್ಕೆ ಇನ್ನೊಂದು ಗುಂಪು. ಮೊದಲನೆಯದನ್ನು ವಕೀಲರು ನೋಡುತ್ತಾರೆ. ಎರಡನೆಯದನ್ನು ಎಷ್ಟೋ ಸಲ ಯಾರೂ ನೋಡುವುದಿಲ್ಲ.

ಕಾಗದದಲ್ಲಿರುವ ಅಳತೆ ಎಲ್ಲಿಂದ ಬಂತು?

ಖಾತಾ ಮೂಲದಲ್ಲಿ ತೆರಿಗೆ ದಾಖಲೆ. ಅದರಲ್ಲಿ ಹೆಸರು, ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಎಲ್ಲ ಇರುತ್ತದೆ, ನಿಜ. ಆದರೆ ಆ ಅಳತೆ ಬಹುಪಾಲು ಕ್ರಯಪತ್ರದಿಂದ ಬಂದದ್ದು. ಕ್ರಯಪತ್ರದ ಅಳತೆ ಅದಕ್ಕೂ ಹಿಂದಿನ ಕ್ರಯಪತ್ರದಿಂದ ಬಂದದ್ದು. ಉಪನೋಂದಣಾಧಿಕಾರಿ ಸ್ಥಳಕ್ಕೆ ಹೋಗಿ ಟೇಪು ಹಿಡಿಯುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಹೀಗಾಗಿ ಒಂದು ತಪ್ಪು ಅಳತೆ ಮೂರು ಕ್ರಯಪತ್ರ ದಾಟಿ ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಎಲ್ಲ ಕಾಗದವೂ ಒಂದನ್ನೊಂದು ಒಪ್ಪುತ್ತವೆ, ನೆಲ ಮಾತ್ರ ಒಪ್ಪುವುದಿಲ್ಲ.

ಜಮೀನಿನ ಹಕ್ಕುದಾಖಲೆಯಾದ ಪಹಣಿಗೆ (ಆರ್‌ಟಿಸಿ) ತುಸು ಹೆಚ್ಚಿನ ಬಲವಿದೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 133ನೇ ಕಲಮಿನ ಪ್ರಕಾರ, ತಪ್ಪು ಅಂತ ಸಾಬೀತಾಗುವವರೆಗೆ ಅದರಲ್ಲಿರುವುದನ್ನು ನಿಜ ಅಂತಲೇ ಭಾವಿಸಬೇಕು. ಆದರೆ ಪಹಣಿಯಲ್ಲಿ ನಕ್ಷೆ ಇರುವುದಿಲ್ಲ. "2 ಎಕರೆ 10 ಗುಂಟೆ" ಅಂತ ಇರುತ್ತದೆ, ಆ 10 ಗುಂಟೆ ರಸ್ತೆ ಕಡೆಗೋ ಹಳ್ಳದ ಕಡೆಗೋ ಅಂತ ಇರುವುದಿಲ್ಲ.

ಬುಡದಲ್ಲಿರುವ ದಾಖಲೆ

ಹಳೆ ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಬಾಂಬೆ ಪ್ರಾಂತ್ಯದ ಪದ್ಧತಿಯಂತೆ. ಅಳತೆಗೆ 33 ಅಡಿ ಉದ್ದದ ಸರಪಳಿ, ಒಂದು ಸರಪಳಿಗೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 33ರಿಂದ 33ನ್ನು ಗುಣಿಸಿ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಇವತ್ತಿಗೂ ಲೆಕ್ಕ ಇದೇ.

ಆ ಕಾಲದಿಂದ ಬಂದ ಮೂರು ದಾಖಲೆಗಳು ಎಲ್ಲಕ್ಕೂ ಆಧಾರ. ಟಿಪ್ಪಣಿಯಲ್ಲಿ ಆ ಸರ್ವೆ ನಂಬರಿನ ಕೈಬರಹದ ನಕ್ಷೆ, ಸರಪಳಿ-ಆಣೆ ಲೆಕ್ಕದ ಅಳತೆಗಳೊಂದಿಗೆ ಇರುತ್ತದೆ. ಆಕಾರ್‌ಬಂದ್‌ನಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು (ಸಾಗುವಳಿ ಲೆಕ್ಕಕ್ಕೆ ಬಾರದ ಜಾಗ) ಎಷ್ಟು, ಕಂದಾಯ ಎಷ್ಟು ಅಂತ ಇರುತ್ತದೆ. ಗ್ರಾಮ ನಕ್ಷೆಯಲ್ಲಿ ಊರಿನ ಎಲ್ಲ ನಂಬರುಗಳು, ಹಳ್ಳ, ಕೆರೆ, ಬಂಡಿದಾರಿ. ಪಹಣಿಗೂ ಆಕಾರ್‌ಬಂದ್‌ಗೂ ತಾಳೆಯಾಗದಿದ್ದರೆ ಸರ್ವೆ ಕಚೇರಿ ಒಪ್ಪುವುದು ಆಕಾರ್‌ಬಂದನ್ನು.

ಒಂದು ಉದಾಹರಣೆ ನೋಡೋಣ. ಒಂದು ನಂಬರಿನ ಪಹಣಿಯಲ್ಲಿ ನಾಲ್ಕು ಜನರ ಹೆಸರಿದೆ. 9ನೇ ಕಾಲಮ್ಮಿನಲ್ಲಿ ಅವರ ಪಾಲು ಕೂಡಿಸಿದರೆ 2 ಎಕರೆ 20 ಗುಂಟೆ. ಆಕಾರ್‌ಬಂದ್ ತೆಗೆದರೆ ಇರುವುದೇ 2 ಎಕರೆ 10 ಗುಂಟೆ, ಅದರಲ್ಲೂ 4 ಗುಂಟೆ ಖರಾಬು. ನಾಲ್ವರೂ ಸುಳ್ಳು ಹೇಳುತ್ತಿಲ್ಲ. ಅಜ್ಜನ ಕಾಲದ ವಿಭಾಗ ಪತ್ರದಲ್ಲಿ ಯಾರೋ ಅಂದಾಜಿಗೆ ಬರೆದರು, ಅದು ಹಾಗೇ ಪಹಣಿ ಸೇರಿತು. ಈಗ ಇಲ್ಲದ 14 ಗುಂಟೆ ಯಾರ ಪಾಲಿನಿಂದ ಹೋಗಬೇಕು? ಕೊನೆಗೆ ಕೊಂಡವನ ಪಾಲಿನಿಂದ ಹೋಗುವ ಸಾಧ್ಯತೆಯೇ ಜಾಸ್ತಿ. ಮೊದಲೇ ಮನೆ ಕಟ್ಟಿಕೊಂಡವನನ್ನು ಅಲ್ಲಾಡಿಸುವುದು ಕಷ್ಟ.

ಖರಾಬು ಅನ್ನುವ ಮೂರಕ್ಷರ

ಖರಾಬಿನಲ್ಲಿ ಎ, ಬಿ ಅಂತ ಎರಡಿವೆ. ಬೇಸಾಯಕ್ಕೆ ಬಾರದ ಕಲ್ಲು, ಕಣ ಇಂಥದ್ದು ಎ ಖರಾಬು. ರಸ್ತೆ, ಹಳ್ಳ, ಕೆರೆ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಮೀಸಲಾದದ್ದು ಬಿ ಖರಾಬು. ಎರಡನೆಯದನ್ನು ಮಾರಲು ಯಾರಿಗೂ ಹಕ್ಕಿಲ್ಲ, ಅದರ ಸುತ್ತಲಿನ ಜಮೀನು ಅವರದ್ದೇ ಆಗಿದ್ದರೂ.

ಇದರ ಬಿಸಿ ಮೈಸೂರಿನವರಿಗೆ ಚೆನ್ನಾಗಿ ಗೊತ್ತು. ಕುರುಬಾರಹಳ್ಳಿ ಸರ್ವೆ ನಂಬರ್ 4, ಆಲನಹಳ್ಳಿ ಸರ್ವೆ ನಂಬರ್ 41ರ ದೊಡ್ಡ ಪ್ರದೇಶವನ್ನು ಕಳೆದ ದಶಕದಲ್ಲಿ ಬಿ ಖರಾಬು ಅಂತ ನಮೂದಿಸಿದಾಗ, ಸಿದ್ಧಾರ್ಥನಗರದಂಥ ಬಡಾವಣೆಗಳಲ್ಲಿ ಎಷ್ಟೋ ವರ್ಷದಿಂದ ತೆರಿಗೆ ಕಟ್ಟಿಕೊಂಡು ವಾಸವಿದ್ದವರೂ ಸಿಕ್ಕಿಬಿದ್ದರು. ಖಾತಾ ವರ್ಗಾವಣೆ ಇಲ್ಲ, ಮನೆ ನಕ್ಷೆಗೆ ಒಪ್ಪಿಗೆ ಇಲ್ಲ, ಮಾರುವ ಹಾಗೂ ಇಲ್ಲ. ವಸತಿ ಬಡಾವಣೆಗಳಿಗೆ ಆ ಹಣೆಪಟ್ಟಿಯಿಂದ ಬಿಡುಗಡೆ ಸಿಗಲು ವರ್ಷಗಳೇ ಬೇಕಾದವು. ಅಲ್ಲಿ ವಿವಾದ ಅರಮನೆ ಆಸ್ತಿಯ ಮಟ್ಟದ್ದು, ಸಾಮಾನ್ಯ ಕೊಳ್ಳುವವರು ಮುಂಚೆಯೇ ಊಹಿಸುವ ಹಾಗೂ ಇರಲಿಲ್ಲ. ಆದರೆ ಸರ್ವೆ ನಂಬರಿನ ಮಟ್ಟದಲ್ಲಿ ಬದಲಾದ ಒಂದು ನಮೂದು ಅದರ ಮೇಲಿರುವ ಅಷ್ಟೂ ಖಾತೆಗಳನ್ನು ಹೇಗೆ ನಿಲ್ಲಿಸಿಬಿಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹದ್ದುಬಸ್ತು, 11ಇ, ಪೋಡಿ: ಮೂರೂ ಬೇರೆ ಬೇರೆ

ಜನ ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ. "ಸರ್ವೆ ಆಗಿದೆ" ಅಂದಾಗ ಯಾವ ಸರ್ವೆ ಅಂತ ಕೇಳದಿದ್ದರೆ ಉತ್ತರಕ್ಕೆ ಅರ್ಥವೇ ಇಲ್ಲ.

ಹದ್ದುಬಸ್ತು ಅಂದರೆ ಇರುವ ಗಡಿಯನ್ನು ಮತ್ತೆ ಗುರುತಿಸುವುದು. ಮಾಲೀಕರು ಅರ್ಜಿ ಹಾಕುತ್ತಾರೆ. ಅಕ್ಕಪಕ್ಕದ ಬಾಜೂದಾರರಿಗೆ ನೋಟಿಸ್ ಹೋಗುತ್ತದೆ. ಭೂಮಾಪಕರು ಟಿಪ್ಪಣಿ ಹಿಡಿದುಕೊಂಡು ಬಂದು, ಕೈಗೆ ಸಿಗುವ ಹಳೇ ಬಾಂದು ಕಲ್ಲಿನಿಂದ (ಸರ್ವೆಯವರು ನೆಟ್ಟ ಗಡಿ ಕಲ್ಲು) ಅಳೆದು, ಗಡಿ ತೋರಿಸಿ ನಕ್ಷೆ ಕೊಡುತ್ತಾರೆ. ಒತ್ತುವರಿ ಇದ್ದರೆ ಅದನ್ನೂ ಗುರುತಿಸುತ್ತಾರೆ. ಆದರೆ ಪಕ್ಕದವನು ಎರಡು ಗುಂಟೆ ಒಳಗೆ ಬಂದಿದ್ದಾನೆ ಅಂತ ಗೊತ್ತಾದ ಮಾತ್ರಕ್ಕೆ ಅವನು ಎದ್ದು ಹೋಗುವುದಿಲ್ಲ. ಬಿಡಿಸಿಕೊಳ್ಳಲು ಸಿವಿಲ್ ಕೋರ್ಟೇ ಗತಿ. ಅಳತೆಯೇ ತಪ್ಪು ಅನ್ನಿಸಿದರೆ ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರು, ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು ಇದ್ದಾರೆ.

11ಇ ನಕ್ಷೆ ಬೇಕಾಗುವುದು ಒಂದು ನಂಬರಿನ ಭಾಗವನ್ನು ಮಾರುವಾಗ. ಮೂರು ಎಕರೆಯಲ್ಲಿ ಒಂದು ಎಕರೆ ಮಾರಬೇಕಾದರೆ ಆ ಒಂದು ಎಕರೆ ಎಲ್ಲಿ ಅಂತ ನಕ್ಷೆಯಲ್ಲಿ ಗುರುತಿಸಿಯೇ ನೋಂದಣಿಗೆ ಹೋಗಬೇಕು. ಪರವಾನಗಿ ಪಡೆದ ಭೂಮಾಪಕರು ಅಳೆಯುತ್ತಾರೆ, ಸರ್ವೆ ಕಚೇರಿ ಪರಿಶೀಲಿಸಿ ಒಪ್ಪುತ್ತದೆ. ಈ ನಿಯಮ ಬರುವ ಮುಂಚೆ "ಪೂರ್ವಕ್ಕೆ ರಾಮಣ್ಣನ ಜಮೀನು, ಪಶ್ಚಿಮಕ್ಕೆ ನನ್ನದೇ ಬಾಕಿ ಜಮೀನು" ಅಂತ ಬರೆದು ಮಾರುತ್ತಿದ್ದರು. ಇವತ್ತು ನಡೆಯುತ್ತಿರುವ ಗಡಿ ಜಗಳಗಳಲ್ಲಿ ಒಂದು ದೊಡ್ಡ ಪಾಲು ಅಂಥ ಕ್ರಯಪತ್ರಗಳದ್ದು.

ಪೋಡಿ ಅಂದರೆ ಆ ಭಾಗವನ್ನು ಕಾಯಂ ಆಗಿ ಬೇರೆ ಮಾಡಿ, ಹೊಸ ಹಿಸ್ಸಾ (ಪಾಲಿನ) ನಂಬರ್ ಕೊಟ್ಟು, ಪಹಣಿಯನ್ನೂ ಬೇರೆ ಮಾಡುವುದು. 45/2 ಇದ್ದದ್ದು 45/2ಎ, 45/2ಬಿ ಆದ ಹಾಗೆ. 11ಇ ಆಗಿ, ನೋಂದಣಿ ಆಗಿ, ಮ್ಯುಟೇಷನ್ನೂ (ದಾಖಲೆಯಲ್ಲಿ ಹೆಸರು ಬದಲಾವಣೆ) ಆಗಿ, ಪೋಡಿ ದಾಖಲಾಗದೆ ನಿಂತ ಪ್ರಕರಣಗಳೂ ಇವೆ. ಆಗ ಪಹಣಿ ಜಂಟಿಯಾಗಿಯೇ ಉಳಿಯುತ್ತದೆ. ಜಂಟಿ ಪಹಣಿಯ ತೊಂದರೆ ಅಂದರೆ, ಒಬ್ಬರ ಪಾಲಿಗೆ ಮಾತ್ರ ಹದ್ದುಬಸ್ತು ಮಾಡಿಸಲು ಬರುವುದಿಲ್ಲ. ಬೇರೆ ಗಡಿಯೇ ದಾಖಲೆಯಲ್ಲಿ ಇಲ್ಲದಿದ್ದಾಗ ಗುರುತಿಸುವುದಾದರೂ ಏನನ್ನು? ಅದಕ್ಕೇ ತೋಟದ ಮನೆ, ಫಾರ್ಮ್ ಹೌಸ್ ಅಂತ ಗುಂಟೆ ಲೆಕ್ಕದಲ್ಲಿ ಜಾಗ ತೋರಿಸುವವರ ಹತ್ತಿರ ಮೊದಲು ಕೇಳಬೇಕಾದ್ದು ಪೋಡಿ ಆಗಿದೆಯಾ ಅಂತ. ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಇನ್ನೂ ಎಚ್ಚರ ಬೇಕು. ಒಂದೇ ದೊಡ್ಡ ಗೋಮಾಳದ ನಂಬರಿನಲ್ಲಿ ಹತ್ತಾರು ಜನರಿಗೆ ಮಂಜೂರಾಗಿ, ಯಾರದ್ದು ಎಲ್ಲಿ ಅಂತ ದಶಕಗಳಿಂದ ಗುರುತಿಸಿರುವುದಿಲ್ಲ. ಈಗಿನ ದರಖಾಸ್ತು ಪೋಡಿ ಅಭಿಯಾನ ಇರುವುದೇ ಇದಕ್ಕೆ.

ಮಂಡ್ಯ ಕಡೆ ಇನ್ನೊಂದು ತೊಡಕು. ವಿಶ್ವೇಶ್ವರಯ್ಯ ನಾಲೆಯ ಗದ್ದೆ ಬಯಲಿನಲ್ಲಿ ಬದುವೇ ಗಡಿ ಅಂತ ನಂಬಿದವರು ಜಾಸ್ತಿ. ಬದು ಉಳುಮೆಗೆ ಸವೆಯುತ್ತದೆ, ಆ ಕಡೆ ಈ ಕಡೆ ಸರಿಯುತ್ತದೆ. ಉಪನಾಲೆ, ಬಸಿಗಾಲುವೆಗೆ ಹೋದ ಜಾಗ ಪಹಣಿಯಲ್ಲಿ ಕಳೆಯದೇ ಉಳಿದಿರುವುದೂ ಉಂಟು. ಬೆಂಗಳೂರು-ಮೈಸೂರು ಹೆದ್ದಾರಿ ಅಗಲೀಕರಣಕ್ಕೆ ಒಂದು ಭಾಗ ಹೋಗಿ ಉಳಿದ ತುಂಡು ಮಾರಾಟಕ್ಕೆ ಬಂದಿದ್ದರೆ ಭೂಸ್ವಾಧೀನದ ಜಂಟಿ ಅಳತೆ ವರದಿಯನ್ನು, ಅಂದರೆ ಜೆಎಂಸಿಯನ್ನು ಕೇಳಿ. ಸ್ವಾಧೀನಕ್ಕೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಅನ್ನುವುದು ಅದರಲ್ಲಿ ಸಿಗುತ್ತದೆ. ಹೆದ್ದಾರಿ ಬದಿಯ ಜಾಗ ಅಂತ ದುಡ್ಡು ಕೊಟ್ಟು, ಆಮೇಲೆ ಹೆದ್ದಾರಿಯೇ ಆ ಜಾಗ ಅಂತ ಗೊತ್ತಾಗಬಾರದಲ್ವಾ.

ಬಡಾವಣೆ ಸೈಟಿಗೆ ಎರಡು ಹಂತದ ಅಳತೆ

ಕೃಷಿ ಜಮೀನನ್ನು ವಸತಿಗೆ ಬದಲಿಸಲು ಅದೇ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂ ಪರಿವರ್ತನೆ ಆಗಬೇಕು, ಅದಕ್ಕೂ ಒಂದು ನಕ್ಷೆ ಇರುತ್ತದೆ. ಆದರೆ ಅದು ಜಮೀನಿನ ಹೊರಗಡಿಯ ನಕ್ಷೆ. ಒಳಗೆ ರಸ್ತೆ, ಪಾರ್ಕು, ಸೈಟು ಎಲ್ಲಿ ಅಂತ ತೀರ್ಮಾನ ಮಾಡುವುದು ಬಡಾವಣೆ ನಕ್ಷೆ. ಮೈಸೂರಿನಲ್ಲಿ ಅದಕ್ಕೆ ಒಪ್ಪಿಗೆ ಕೊಡುವುದು ಮೊದಲು ಮುಡಾ ಆಗಿದ್ದ, ಈಗಿನ ಮೈಸೂರು ಅಭಿವೃದ್ಧಿ ಪ್ರಾಧಿಕಾರ. "ಡಿ.ಸಿ. ಕನ್ವರ್ಷನ್ ಆಗಿದೆ" ಅಂದರೆ ಬಡಾವಣೆಗೆ ಒಪ್ಪಿಗೆ ಸಿಕ್ಕಿದೆ ಅಂತಲ್ಲ.

ಇಲ್ಲಿ ಸರ್ವೆ ಇಲಾಖೆ ನಿಮ್ಮ 30×40ರ ನಾಲ್ಕು ಮೂಲೆ ತೋರಿಸುವುದಿಲ್ಲ. ಅದು ಸರ್ವೆ ನಂಬರಿನ ಹೊರಗಡಿಯನ್ನು ಮಾತ್ರ ಗುರುತಿಸುತ್ತದೆ. ಸೈಟಿನ ಮೂಲೆಯನ್ನು ಬಡಾವಣೆ ನಕ್ಷೆಯಿಂದ ನೋಡಬೇಕು. ಹೊರಗಡಿಯೇ ಹತ್ತು ಅಡಿ ಆಚೆ ಹಾಕಿದ್ದರೆ, ಒಳಗಿನ ಸೈಟುಗಳೆಲ್ಲ ಅಚ್ಚುಕಟ್ಟಾಗಿ ಕಂಡರೂ ಅಂಚಿನ ಸಾಲು ಪಕ್ಕದವರ ಜಮೀನಿನಲ್ಲಿರುತ್ತದೆ. ಇಲ್ಲವೇ ಕಾಲುವೆಯ ಮೇಲೆ. ಪೂರ್ಣಯ್ಯ ನಾಲೆ ಹಾದುಹೋಗುವ ಕಡೆ, ಕೆರೆಗಳ ಕೋಡಿ ಹರಿಯುವ ಕಡೆ ಈ ಅಂಚಿನ ಸಾಲನ್ನು ಗ್ರಾಮ ನಕ್ಷೆಯ ಜೊತೆ ಇಟ್ಟು ನೋಡದೆ ಮುಂಗಡ ಕೊಡಬಾರದು.

ಮನೆಯಲ್ಲೇ ಕೂತು ಮಾಡಬಹುದಾದ ಒಂದು ಲೆಕ್ಕವಿದೆ. 30×40 ಸೈಟು 1,200 ಚದರ ಅಡಿ, ಅಂದರೆ ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ. ಒಂದು ಎಕರೆಯಲ್ಲಿ ರಸ್ತೆಯೇ ಇಲ್ಲದೆ ಒತ್ತೊತ್ತಾಗಿ ಜೋಡಿಸಿದರೂ 36 ಸೈಟು. ರಸ್ತೆ, ಪಾರ್ಕು, ಸಾರ್ವಜನಿಕ ಬಳಕೆಯ ಜಾಗ ಬಿಟ್ಟರೆ ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಹೆಚ್ಚು ಜಾಗ ಸೈಟಿಗೆ ಉಳಿಯುತ್ತದೆ, ಸುಮಾರು 20 ಸೈಟು. ಎಕರೆಗೆ 30 ಸೈಟು ತೋರಿಸುವ ನಕ್ಷೆ ಕಣ್ಣಿಗೆ ಬಿದ್ದರೆ ಪಾರ್ಕು ಎಲ್ಲಿ, ರಸ್ತೆ ಎಷ್ಟಡಿ ಅಂತ ಕೇಳಿ. ಒಪ್ಪಿಗೆ ಪಡೆದ ನಕ್ಷೆಯಲ್ಲಿ ಪಾರ್ಕು ಇದ್ದ ಜಾಗಕ್ಕೇ ಆಮೇಲೆ ಸೈಟು ನಂಬರು ಬಿದ್ದಿರುವುದೂ ಉಂಟು.

ಬ್ಯಾಂಕಿನವರು ಸಾಲ ಕೊಡುವ ಮುಂಚೆ ಬಂದು ನೋಡುತ್ತಾರಲ್ಲ, ಅದು ಸಾಕು ಅಂದುಕೊಳ್ಳುವವರೂ ಇದ್ದಾರೆ. ಅವರು ನೋಡುವುದು ಬೆಲೆ. ಗಡಿ ಅವರ ಜವಾಬ್ದಾರಿಯಲ್ಲ. ಖಾಸಗಿ ಎಂಜಿನಿಯರ್ ಹತ್ತಿರ ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರದಿಂದ ಸರ್ವೆ ಮಾಡಿಸಿದರೆ ಈಗ ನೆಲದ ಮೇಲಿರುವ ಬೇಲಿ, ಗೋಡೆ, ಏರುತಗ್ಗು ನಿಖರವಾಗಿ ಸಿಗುತ್ತದೆ. ಮನೆ ಕಟ್ಟಲು ಅದು ಬಹಳ ಉಪಯೋಗ. ಆದರೆ ಬೇಲಿ ಇರುವ ಜಾಗವೇ ಕಾನೂನಿನ ಗಡಿಯಾ ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ.

ಹಳ್ಳಿ ಮನೆ, ಊರೊಳಗಿನ ಹಳೇ ಮನೆ

ಗ್ರಾಮಠಾಣದ, ಅಂದರೆ ಹಳ್ಳಿಯ ಜನವಸತಿ ಜಾಗದ, ಮನೆಗಳಿಗೆ ಪಹಣಿ ಇರುವುದಿಲ್ಲ. ಇಷ್ಟು ದಿನ ಪಂಚಾಯಿತಿ ಖಾತೆ, ಈಗ ಪಂಚಾಯಿತಿಯ ಆನ್‌ಲೈನ್ ಖಾತೆಯಾದ ಇ-ಸ್ವತ್ತು ನಮೂನೆ 9 ಮತ್ತು 11. ಅಲ್ಲಿಗೆ ಬಂದದ್ದು 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆ. ಡ್ರೋನ್ ಹಾರಿಸಿ ಮನೆಮನೆಯ ಗಡಿ ಗುರುತಿಸಿ ಆಸ್ತಿ ಕಾರ್ಡು ಕೊಡುವುದು. ಇದು ಗ್ರಾಮಠಾಣದ ಒಳಗಿನವರಿಗೆ. ಊರಾಚೆಯ ರೆವಿನ್ಯೂ ಸೈಟಿಗೆ (ಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ಮಾಡಿದ ಸೈಟು) ಸ್ವಾಮಿತ್ವ ಕಾರ್ಡು ಕೊಡಿಸ್ತೀವಿ ಅಂದರೆ ನಂಬಬೇಡಿ.

ನಗರದೊಳಗೆ ಇದೇ ಕೆಲಸಕ್ಕೆ ಯುಪಿಒಆರ್ (ನಗರ ಆಸ್ತಿ ಮಾಲೀಕತ್ವ ದಾಖಲೆ) ಅಂತ ಯೋಜನೆ ಬಂತು, ಅದಕ್ಕೆ ಆಯ್ಕೆಯಾದ ನಗರಗಳಲ್ಲಿ ಮೈಸೂರೂ ಒಂದು. ಹಕ್ಕು ಮತ್ತು ನಕ್ಷೆ ಎರಡನ್ನೂ ಒಂದೇ ಆಸ್ತಿ ಕಾರ್ಡಿನಲ್ಲಿ ತರುವ ಆಲೋಚನೆ ಒಳ್ಳೆಯದೇ. ಆದರೆ ಪಾಲಿಕೆಯ ಖಾತೆ ಒಂದು ಕಡೆ, ಈ ಕಾರ್ಡು ಇನ್ನೊಂದು ಕಡೆ ಆಗಿ ಜನರಿಗೆ ಎರಡು ಕಚೇರಿ ಸುತ್ತುವ ಕೆಲಸವಾಯಿತು. ಕೊಳ್ಳುವ ಮನೆಗೆ ಆ ಕಾರ್ಡು ಇದ್ದರೆ ಕೇಳಿ ಪಡೆಯಿರಿ. ಅದರಲ್ಲಿ ಅಳತೆ ಸಮೇತ ನಕ್ಷೆ ಇರುತ್ತದೆ, ಖಾತೆಯಲ್ಲಿ ಸಿಗದ ವಿವರ ಅದು.

ಡ್ರೋನ್ ಮರುಸರ್ವೆ ಬಂದರೆ ಎಲ್ಲ ಸರಿಹೋಗುತ್ತಾ?

ಸರ್ಕಾರದ ವಾದ ಸರಳ. ಬ್ರಿಟಿಷರ ಕಾಲದ ಅಳತೆಯ ಮೇಲೆ ಇವತ್ತಿನ ಬೆಲೆಯ ಜಮೀನನ್ನು ಮಾರಲು ಆಗುವುದಿಲ್ಲ. ಉಪಗ್ರಹ ಆಧಾರಿತ ರೋವರ್ ಯಂತ್ರಗಳು ಸೆಂಟಿಮೀಟರ್ ಲೆಕ್ಕದಲ್ಲಿ ಗಡಿ ಹೇಳುತ್ತವೆ. ಒಮ್ಮೆ ಮಾಡಿಬಿಟ್ಟರೆ ಜಗಳ ಕಮ್ಮಿಯಾಗುತ್ತದೆ.

ರೈತರಿಗೂ ಮಾಲೀಕರಿಗೂ ಭಯ ಬೇರೆ. ಡ್ರೋನ್ ಚಿತ್ರ ತೆಗೆಯುವುದು ಇವತ್ತು ಯಾರು ಎಲ್ಲಿದ್ದಾರೆ ಅನ್ನುವುದನ್ನು. ಒತ್ತುವರಿ ಮಾಡಿದವನ ಬೇಲಿಯೇ ಹೊಸ ಗಡಿಯಾಗಿಬಿಟ್ಟರೆ? ಇಲ್ಲವೇ ಹೊಸ ಅಳತೆಯಲ್ಲಿ ಪಹಣಿಗಿಂತ ಕಮ್ಮಿ ಬಂದರೆ ಕಳಕೊಂಡ ಗುಂಟೆಗೆ ಯಾರು ಹೊಣೆ? ಹಳೆ ಸರಪಳಿ ಅಳತೆಗೂ ಹೊಸ ಯಂತ್ರದ ಅಳತೆಗೂ ಅಷ್ಟಿಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಸಣ್ಣ ವ್ಯತ್ಯಾಸಕ್ಕೂ ಒತ್ತುವರಿಗೂ ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ ಕಗ್ಗಂಟು.

ಎರಡು ವಾದದಲ್ಲೂ ಹುರುಳಿದೆ. ಯಂತ್ರದ ನಿಖರತೆಯಿಂದ ಅಳತೆ ಸರಿಹೋಗಬಹುದು, ಹಕ್ಕಿನ ಪ್ರಶ್ನೆ ತೀರುವುದಿಲ್ಲ. ನೋಟಿಸ್, ಬಾಜೂದಾರರ ಹಾಜರಿ, ಮೇಲ್ಮನವಿಗೆ ಸಮಯ, ಇವು ಇಲ್ಲದೆ ಮಾಡಿದ ಸರ್ವೆ ಎಷ್ಟೇ ನಿಖರವಾದರೂ ಕೋರ್ಟಿಗೇ ಹೋಗಿ ನಿಲ್ಲುತ್ತದೆ. ಕೊಳ್ಳುವವರ ಮಟ್ಟಿಗೆ ಪರಿಣಾಮ ಇಷ್ಟು: ಮರುಸರ್ವೆ ನಡೆಯುತ್ತಿರುವ ಊರಿನಲ್ಲಿ ಜಾಗ ನೋಡುತ್ತಿದ್ದರೆ ಹಳೇ ಟಿಪ್ಪಣಿಯ ನಕಲು ಮತ್ತು ಹೊಸ ಅಳತೆ ಎರಡನ್ನೂ ಕೇಳಿ. ಎರಡರ ನಡುವಿನ ವ್ಯತ್ಯಾಸಕ್ಕೆ ಮಾರುವವರ ಹತ್ತಿರ ಉತ್ತರ ಇರಬೇಕು. ಇನ್ನು ಸರ್ವೆ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಹಿಡಿದು ಸೈಟಿನಲ್ಲಿ ನಿಂತು "ನೋಡಿ, ಇದೇ ಸರ್ವೆ ನಂಬರು" ಅನ್ನುವವರಿದ್ದಾರೆ. ಯಾವ ನಂಬರಿನ ಸುತ್ತಮುತ್ತ ಇದ್ದೀವಿ ಅಂತ ತಿಳಿಯಲು ಅದು ಒಳ್ಳೇ ಸಾಧನ. ಗಡಿಯ ಹತ್ತಿರ ಹತ್ತಾರು ಅಡಿ ಆಚೀಚೆ ಆಗುವುದರಿಂದ ಅದನ್ನು ನೋಡಿ ಕಾಂಪೌಂಡು ಹಾಕುವ ಹಾಗಿಲ್ಲ.

ಅಳತೆ ಕಮ್ಮಿ ಬಂದರೆ

ಕ್ರಯಪತ್ರದಲ್ಲಿ 2,400 ಚದರ ಅಡಿ, ನೆಲದಲ್ಲಿ 2,250. ಇಂಥದ್ದು ಬಂದಾಗ ಕೋರ್ಟುಗಳು ಸಾಮಾನ್ಯವಾಗಿ ವಿಸ್ತೀರ್ಣಕ್ಕಿಂತ ಚಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತವೆ. ಅಂದರೆ ನಾಲ್ಕು ಗಡಿಯ ಒಳಗೆ ಇರುವಷ್ಟು ನಿಮ್ಮದು, ಸಂಖ್ಯೆ ಎಷ್ಟೇ ಇರಲಿ. ಆ ಚಕ್ಕುಬಂದಿಯಲ್ಲಿ "ಉತ್ತರಕ್ಕೆ ಖಾಲಿ ಜಾಗ" ಅಂತ ಬರೆದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ನಂಬರು, ರಸ್ತೆ, ಗಡಿ ಕಲ್ಲು ಬರೆಯಬೇಕು.

ನೋಂದಣಿ ಮುಗಿದ ಮೇಲೆ ಕಮ್ಮಿ ಬಂದರೆ ಮಾರಿದವರ ಹಿಂದೆ ಅಲೆಯಬೇಕು. ಅಗ್ರಿಮೆಂಟ್ ಹಂತದಲ್ಲೇ ಗೊತ್ತಾದರೆ ಬೆಲೆ ಇಳಿಸಬಹುದು ಅಥವಾ ಎದ್ದು ಬರಬಹುದು. ಆದ್ದರಿಂದ ಅಗ್ರಿಮೆಂಟಿನಲ್ಲೇ ಎರಡು ಸಾಲು ಸೇರಿಸಿ: ಬಾಜೂದಾರರ ಎದುರು ಅಳತೆ ಆಗಬೇಕು, ಸಿಕ್ಕ ಅಳತೆಗಷ್ಟೇ ಚದರ ಅಡಿ ಲೆಕ್ಕದಲ್ಲಿ ದುಡ್ಡು. ಹದ್ದುಬಸ್ತಿಗೆ ಅರ್ಜಿ ಹಾಕಬೇಕಾದ್ದು ಮಾಲೀಕರು, ಕೊಳ್ಳುವವರಲ್ಲ. ಹೀಗಾಗಿ ಮಾರುವವರ ಒಪ್ಪಿಗೆ ಬೇಕೇ ಬೇಕು. "ಅಳತೆಗೆ ಯಾಕೆ ಸುಮ್ನೆ ಟೈಮ್ ವೇಸ್ಟ್" ಅನ್ನುವ ಮಾರಾಟಗಾರರ ಹತ್ತಿರ ಮುಂಗಡವನ್ನು ಆದಷ್ಟು ಚಿಕ್ಕದಾಗಿಯೇ ಇಡಿ.

ಗ್ರೇಟರ್ ಮೈಸೂರಿಗೆ ಸೇರುವ ಊರುಗಳಲ್ಲಿ

ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಗೆ, ಅಲ್ಲಿಂದ ಪಾಲಿಕೆಗೆ ಅಂತ ಆಸ್ತಿಗಳು ಕೈ ಬದಲಾಯಿಸಿದಾಗ ಖಾತೆ ನಂಬರು, ವಾರ್ಡು, ಕೆಲವು ಸಲ ಬಡಾವಣೆಯ ಹೆಸರೂ ಬದಲಾಗುತ್ತದೆ. ಹೊಸ ನಂಬರಿಗೂ ಹಳೆಯದಕ್ಕೂ ಕೊಂಡಿ ತಪ್ಪಿದರೆ ಹತ್ತು ವರ್ಷ ಬಿಟ್ಟು ಇಸಿ (ಋಣಭಾರ ಪತ್ರ) ತೆಗೆಯುವಾಗ ಅರ್ಧ ಇತಿಹಾಸವೇ ಸಿಗುವುದಿಲ್ಲ. ಅದಕ್ಕೆ ಕ್ರಯಪತ್ರದ ಷೆಡ್ಯೂಲಿನಲ್ಲಿ ಹೊಸ ಇ-ಖಾತಾ ನಂಬರಿನ ಜೊತೆಗೆ ಮೂಲ ಸರ್ವೆ ನಂಬರು, ಹಿಸ್ಸಾ, ಗ್ರಾಮ, ಹೋಬಳಿ, ಪರಿವರ್ತನೆ ಆದೇಶದ ಸಂಖ್ಯೆ ಮತ್ತು ತಾರೀಖು, ಬಡಾವಣೆ ನಕ್ಷೆಯ ಒಪ್ಪಿಗೆ ಸಂಖ್ಯೆ, ಹಳೇ ಪಂಚಾಯಿತಿ ಖಾತೆ ನಂಬರು ಎಲ್ಲವನ್ನೂ ಬರೆಸಿ. ಅಳತೆ ನಕ್ಷೆಯ ಒಂದು ಪ್ರತಿಯನ್ನು ಎರಡೂ ಕಡೆಯವರು ಸಹಿ ಮಾಡಿ ಕ್ರಯಪತ್ರಕ್ಕೇ ಲಗತ್ತಿಸಬಹುದು. ಪತ್ರ ಬರೆಯುವವರು "ಅಷ್ಟೆಲ್ಲ ಬೇಡ ಸಾರ್, ಉದ್ದ ಆಗತ್ತೆ" ಅನ್ನಬಹುದು. ಆಗಲಿ ಬಿಡಿ, ಅಬ್ಬಬ್ಬಾ ಅಂದರೆ ಎರಡು ಪುಟ ಜಾಸ್ತಿಯಾದೀತು.